ಇಟಲಿ ಕಾರಿನ ಎಂಜಿನ್ ಹುಡುಕುತ್ತ ಹಡಗಲಿಗೆ

ಹೊಸಪೇಟೆಯಿಂದ ಬೆಳಗಿನ ಚಿತ್ರದುರ್ಗದ ಬಸ್ಸು ಹತ್ತಿ ಕೂಡ್ಲಿಗಿಯಲ್ಲಿ ಇಳಿದಾಗ ಬಿಸಿಲು ಇನ್ನೂ ಏರಿರಲಿಲ್ಲ. ಟಿಕೆಟ್ಟಿಗೆ ಹದಿನೈದು ರೂಪಾಯಿ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ನಾನಾಗ ವಾಹನ ವಿಮೆಯ ಸರ್ವೇಯರ್ ಆಗಿದ್ದೆ. ಜಖಂ ಆದ ಲಾರಿ, ಕಾರುಗಳ ನಷ್ಟ ಅಂದಾಜು ಮಾಡುವುದು ನನ್ನ ಹೊಟ್ಟೆಪಾಡು, ಹಳೆಯ ಕಾರುಗಳ ಬಗ್ಗೆ ಓದುವುದು ಹುಚ್ಚು. ಆ ದಿನ ನನ್ನನ್ನು ಕೂಡ್ಲಿಗಿಗೆ ಕರೆತಂದದ್ದು ಆ ಹುಚ್ಚೇ.

ನನ್ನ ಹುಚ್ಚಿನ ಸುದ್ದಿ ಯಾರಿಂದಲೋ ಕೇಳಿ ಫೋನ್ ಮಾಡಿ ಕರೆಸಿದ್ದವರು ಶಿವಲೀಲಾ. ಊರ ಹೊರಗೆ ಅವರ ತಂದೆ ವೀರಣ್ಣನವರ ಶೇಂಗಾ ಎಣ್ಣೆ ಮಿಲ್ಲಿತ್ತು. ತಂದೆ ತೀರಿಕೊಂಡ ಮೇಲೆ ಮಿಲ್ಲು ನಿಂತು, ಮಗಳು ಅದೇ ಜಾಗದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ವಯಸ್ಸು ಐವತ್ತರ ಹತ್ತಿರ, ಮಾತು ನೇರ.

"ಬೆಂಗಳೂರಿನವರೊಬ್ರು ಬಂದು ಅಪ್ಪನ ಕಾರು ನೋಡಿ ಹೋಗ್ಯಾರ್ರಿ. ಗುಜರಿ ರೇಟಿಗೆ ಕೇಳ್ತಾರ. ಕೊಡೂದೋ ಬ್ಯಾಡೋ, ನೀವು ನೋಡಿ ಹೇಳ್ರಿ" ಎಂದು ಶೆಡ್ಡಿನ ತಗಡಿನ ಬಾಗಿಲು ತಳ್ಳಿದರು.

ಗೋಣಿಚೀಲಗಳ ಹಿಂದೆ ಅದು ನಿಂತಿತ್ತು. ಎರಡೇ ಬಾಗಿಲು, ನನ್ನ ಎದೆಮಟ್ಟಕ್ಕೂ ಬಾರದ ಎತ್ತರ, ಹಿಂದಕ್ಕೆ ಇಳಿಜಾರಾದ ಮಾಡು, ಸ್ಟೇರಿಂಗ್ ಎಡಗಡೆ. ಧೂಳು ಒರೆಸಿದರೆ ಒಳಗಿನಿಂದ ಕೆಂಪು ಬಣ್ಣ ಇಣುಕಿತು. ಇಂಥದ್ದನ್ನು ನಾನು ಅದುವರೆಗೆ ಚಿತ್ರದಲ್ಲಿ ಮಾತ್ರ ನೋಡಿದ್ದೆ. ಅರವತ್ತರ ದಶಕದ ಆರಂಭದ, ಕೂಪೆ ಎಂಬ ಮಾದರಿಯ ಇಟಲಿ ಕಾರು. ಆಗ ಟ್ಯೂರಿನ್ ಊರಿನಲ್ಲಿ ಎಂಜಿನ್ ಮತ್ತು ಚಾಸಿ ಒಂದು ಕಾರ್ಖಾನೆಯಲ್ಲಿ ತಯಾರಾದರೆ, ಮೈಯನ್ನು ಇನ್ನೊಂದು ಕಾರ್ಖಾನೆಯ ಕಸುಬುದಾರರು ತಗಡು ಬಡಿದು ರೂಪಿಸುತ್ತಿದ್ದರು. ಹಾಗಾಗಿ ಇಂಥವು ಹೆಚ್ಚು ಹುಟ್ಟಲಿಲ್ಲ, ನಮ್ಮ ದೇಶಕ್ಕೆ ಬಂದವು ಇನ್ನೂ ಕಡಿಮೆ. ಇದು ಇಟಲಿಯ ಎಂಜಿನಿಯರೊಬ್ಬನ ಜೊತೆ ಮುಂಬಯಿಗೆ ಬಂದಿತ್ತು. ಅವನು ತನ್ನ ದೇಶಕ್ಕೆ ಮರಳುವಾಗ ಎಣ್ಣೆ ವ್ಯಾಪಾರಕ್ಕೆ ಹೋಗಿದ್ದ ವೀರಣ್ಣನವರು ಕೊಂಡು, ತಾವೇ ಓಡಿಸಿಕೊಂಡು ಊರಿಗೆ ತಂದಿದ್ದರು. ಮುಂಬಯಿಯಲ್ಲೇ ಉಳಿದಿದ್ದರೆ ಸಮುದ್ರದ ಉಪ್ಪುಗಾಳಿ ಇದನ್ನು ತಿಂದುಹಾಕುತ್ತಿತ್ತು. ಕೂಡ್ಲಿಗಿಯ ಒಣ ಹವೆಯಲ್ಲಿ ತಗಡಿಗೆ ತುಕ್ಕು ಹಿಡಿದದ್ದು ಅಂಚುಗಳಲ್ಲಿ ಮಾತ್ರ.

ಬಾನೆಟ್ ಎತ್ತಿದೆ. ಒಳಗೆ ಎಂಜಿನ್ ಇರಲಿಲ್ಲ. ಕೋಳಿಯೊಂದು ಮೊಟ್ಟೆ ಇಟ್ಟಿತ್ತು.

"ಎಂಜಿನ್ ಎಲ್ಲೈತ್ರಿ ಮೇಡಂ?"

ಶಿವಲೀಲಾ ಮುಖ ಬಿಗಿದುಕೊಂಡರು. "ಅದನ್ನ ನಮ್ಮಪ್ಪನ್ನ ಕೇಳಬೇಕಿತ್ತು. ನಾ ಕಾಲೇಜಿನ ರಜಾಕ್ಕ ಬರೂದ್ರಾಗ ಇಲ್ಲಾಗಿತ್ತು. ಇಸ್ಪೀಟಿನ್ಯಾಗ ಕಳದ್ರು ಅಂತ ಊರೆಲ್ಲಾ ಆಡಿಕೊಂತು. ಕೇಳಿದ್ರ ಅವರು ನಕ್ಕು ಸುಮ್ಮನಾದ್ರು. ಆಮ್ಯಾಲೆ ನಾ ಅವರ ಕೂಡ ಆ ಕಾರಿನ ಮಾತೇ ಆಡಲಿಲ್ರಿ."

ಹಳೆಯ ಕಾರು ಸಂಗ್ರಹಿಸುವವರಿಗೆ ಕಾರಿನ ಜೊತೆಗೇ ಹುಟ್ಟಿದ ಎಂಜಿನ್ ಮುಖ್ಯ ಎಂದು ವಿವರಿಸಿದೆ. ಬಾನೆಟ್ಟಿನ ಒಳಗೋಡೆಯಲ್ಲಿ ಒಂದು ಪುಟ್ಟ ಲೋಹದ ಪಟ್ಟಿಯಿತ್ತು, ಅದರ ಮೇಲೆ ಎಂಜಿನ್ ನಂಬರು. ಅದೇ ನಂಬರಿನ ಎಂಜಿನ್ ಸಿಕ್ಕರೆ ಈ ಕಾರಿಗೆ ಲಕ್ಷಗಳ ಬೆಲೆ, ಇಲ್ಲದಿದ್ದರೆ ಬೆಂಗಳೂರಿನವರು ಕೇಳಿದ್ದು ಅನ್ಯಾಯವೇನಲ್ಲ. ಶಿವಲೀಲಾ ಗಿರಣಿಗೆ ಬೀಗ ಹಾಕಿದರು. "ಕೊಟ್ಟೂರಿನ್ಯಾಗ ಖಾಜಾ ಚಾಚಾ ಅದಾರ. ಈ ಕಾರು ರಿಪೇರಿ ಮಾಡ್ತಿದ್ದವರು ಅವರೊಬ್ರೇ. ಹೋಗೂಣ ಬರ್ರಿ."

ಕೊಟ್ಟೂರಿನ ಬಸ್ಸಿನಲ್ಲಿ ಕೂರಲು ಜಾಗ ಸಿಗಲಿಲ್ಲ. ದಾರಿಯುದ್ದಕ್ಕೂ ಜೋಳದ ಹೊಲ, ನಡುನಡುವೆ ಕಲ್ಲುಗುಡ್ಡ. ಖಾಜಾ ಸಾಬರ ಗ್ಯಾರೇಜು ಬಸ್ ನಿಲ್ದಾಣದ ಹಿಂದೆಯೇ ಇತ್ತು. ಎಪ್ಪತ್ತು ದಾಟಿದ ಅವರು ಈಗ ಕೈಗೆ ಸ್ಪ್ಯಾನರ್ ಹಿಡಿಯುತ್ತಿರಲಿಲ್ಲ, ಕುರ್ಚಿ ಹಾಕಿಕೊಂಡು ಕೂತು ಕೆಲಸದವರಿಗೆ ಹೇಳಿಕೊಡುತ್ತಿದ್ದರು. ಶಿವಲೀಲಾರ ಪ್ರಶ್ನೆ ಕೇಳಿ ಗಡ್ಡ ನೀವಿಕೊಂಡರು.

"ಎಂಜಿನ್ ಇಳಿಸಿದ್ದು ನಾನೇ ಬೇಟಿ. ಯಾರಿಗೂ ಹೇಳಬ್ಯಾಡ ಅಂದಿದ್ರು ನಿಮ್ಮಪ್ಪಾರು. ಅವರು ಹೋಗಿ ಇಷ್ಟು ವರ್ಷ ಆತು. ಇನ್ನ ಹೇಳಿದ್ರ ತಪ್ಪಿಲ್ಲ. ಅದು ಹಡಗಲ್ಯಾಗ ಐತಿ. ಯಾಕ ಹೋತು ಅಂತ ಅಲ್ಲಿಯವರೇ ಹೇಳಲಿ, ನಾನೂ ಬರ್ತೀನಿ."

ಆ ರಾತ್ರಿ ಶಿವಲೀಲಾ ಖಾಜಾ ಸಾಬರ ಮನೆಯಲ್ಲಿ ಉಳಿದರು, ನಾನು ಲಾಡ್ಜಿನಲ್ಲಿ. ಮರುದಿನ ಮೂವರೂ ಹಗರಿಬೊಮ್ಮನಹಳ್ಳಿಗೆ ಬಂದು ಖಾನಾವಳಿಯಲ್ಲಿ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿ ಉಂಡೆವು. ಶಿವಲೀಲಾ ಅರ್ಧ ರೊಟ್ಟಿಗೇ ಕೈ ತೊಳೆದರು. ಹಡಗಲಿಯ ಬಸ್ಸಿನಲ್ಲಿ ಕಿಟಕಿ ಕಡೆ ಕೂತು ಹೊರಗೇ ನೋಡುತ್ತಿದ್ದರು. ಇಸ್ಪೀಟಿನ ಮಾತು ಹಡಗಲಿಯಲ್ಲಿ ನಿಜವಾಗಿಬಿಟ್ಟರೆ ಎಂದು ಅವರು ಅಂಜುತ್ತಿದ್ದಾರೆ ಅನ್ನಿಸಿತು. ನನಗೂ ಅದೇ ಅಳುಕಿತ್ತು.

ಹಡಗಲಿಯಲ್ಲಿ ಇಳಿದು ಆಟೋ ಹಿಡಿದು ಕೊಟ್ರಪ್ಪ ಎಂಬವರ ಮಲ್ಲಿಗೆ ತೋಟಕ್ಕೆ ಹೋದೆವು. ದೂರದಿಂದಲೇ ಸದ್ದು ಕೇಳಿತು. ಪಂಪ್‌ಸೆಟ್ಟಿನ ಡಬಡಬ ಸದ್ದಲ್ಲ. ತೆಳ್ಳಗೆ, ಒಂದೇ ಶ್ರುತಿಯಲ್ಲಿ ಗುಂಯ್‌ಗುಡುವ ಸದ್ದು. ಬಾವಿಯ ಪಕ್ಕ ತೆಂಗಿನ ಗರಿಯ ಚಪ್ಪರದಡಿ, ಕಲ್ಲಿನ ಕಟ್ಟೆಯ ಮೇಲೆ ಆ ಎಂಜಿನ್ ಓಡುತ್ತಿತ್ತು. ಕರೆಂಟು ಹೋಗಿತ್ತು. ಪೆಟ್ರೋಲಿನಲ್ಲಿ ಶುರು ಮಾಡಿ ಸೀಮೆಎಣ್ಣೆಯಲ್ಲಿ ಓಡಿಸುತ್ತಿದ್ದರು. ಅದು ಎತ್ತಿದ ನೀರೇ ಒಂದು ಕೊಳವೆಯಲ್ಲಿ ಅದರ ಮೈ ಸುತ್ತಿ ತಂಪು ಮಾಡಿ, ಆಮೇಲೆ ಮಲ್ಲಿಗೆ ಬುಡಕ್ಕೆ ಹರಿಯುತ್ತಿತ್ತು.

ಬಿಳಿ ಟವೆಲ್ಲು ಸುತ್ತಿಕೊಂಡ ಹಿರಿಯರೊಬ್ಬರು ಎದ್ದು ಬಂದರು. ಕೊಟ್ರಪ್ಪ ಅವರೇ. ಖಾಜಾ ಸಾಬರು ಶಿವಲೀಲಾರನ್ನು ತೋರಿಸಿ, "ವೀರಣ್ಣಾರ ಮಗಳು" ಎಂದರು. ಕೊಟ್ರಪ್ಪ ಎಂಜಿನ್ ಬಂದ್ ಮಾಡಿ ಕೈಮುಗಿದರು.

"ನಿಮ್ಮಪ್ಪಾರು ನಮ್ಮ ಕಡೆ ಶೇಂಗಾ ಖರೀದಿಗೆ ಬರ್ತಿದ್ರವ್ವ. ಆ ವರ್ಷ ನನ್ನ ಪಂಪು ಒಡೆದು, ಹೊಸಾ ಗಿಡ ಬಾಡಾಕ ಹತ್ತಿದ್ವು. ಹೊಸಾ ಪಂಪಿಗೆ ಆರು ತಿಂಗಳು ಕಾಯಬೇಕು ಅಂದ್ರು ಅಂಗಡಿಯವರು. 'ನನ್ನ ಕಾರು ಶೆಡ್ಡಿನ್ಯಾಗ ಸುಮ್ಮನ ನಿಂತೈತಿ, ಎಂಜಿನ್ ಒಯ್ದುಕೋ' ಅಂದ್ರು ನಿಮ್ಮಪ್ಪಾರು. ನಾ ದಾನ ತಗೊಳ್ಳಂಗಿಲ್ರಿ ಅಂದೆ. ಹಂಗಾರ ಬಾಡಿಗಿ ಕೊಡು, ಮನಿಗೆ ಹೂವು ಕಳಿಸು ಅಂದ್ರು. ಕಾರಿನ ಎಂಜಿನ್ ಕಿತ್ತು ಹೂವಿನ ಗಿಡಕ್ಕ ಕೊಟ್ಟ ಅಂತ ಮಂದಿ ನಗ್ತಾರ, ಅದಕ್ಕ ಯಾರಿಗೂ ಹೇಳಬ್ಯಾಡ ಅಂದ್ರು."

ಶಿವಲೀಲಾ ಬಾವಿಕಟ್ಟೆಯ ಮೇಲೆ ಕೂತುಬಿಟ್ಟರು. "ಹಡಗಲಿ ಬಸ್ಸಿನ್ಯಾಗ ಮಲ್ಲಿಗಿ ಗಂಟು ಬರ್ತಿತ್ತು. ಅವ್ವಗ ಅಂತ ಅಪ್ಪ ರೊಕ್ಕ ಕೊಟ್ಟು ತರಸ್ತಾರ ಅನ್ಕೊಂಡಿದ್ದೆ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ನಾನು ಬಗ್ಗಿ ಎಂಜಿನ್ನಿನ ಪಕ್ಕದ ಜಿಡ್ಡು ಕೆರೆದೆ. ಒಂದೊಂದೇ ಅಂಕಿ ಮೇಲೆದ್ದಿತು. ಕೂಡ್ಲಿಗಿಯಲ್ಲಿ ನೋಡಿದ ನಂಬರೇ.

ಹೇಳಿದೆ. ಶಿವಲೀಲಾ ಮಲ್ಲಿಗೆ ಸಾಲುಗಳ ಕಡೆ ನೋಡಿದರು. "ಅಪ್ಪ ಕೊಟ್ಟದ್ದನ್ನ ನಾ ಹೆಂಗ ಕೇಳಲಿ ಅಣ್ಣಾರ?"

"ಬಾಡಿಗಿ ವಸ್ತು ಕೇಳಾಕ ಯಾಕ ಸಂಕೋಚ? ಕರೆಂಟು ಹೋದಾಗಷ್ಟ ಇದರ ಕೆಲಸ" ಎಂದರು ಕೊಟ್ರಪ್ಪ.

"ಹಂಗ ಒಯ್ಯಂಗಿಲ್ಲ. ಮಿಲ್ಲಿನ ಡೀಸೆಲ್ ಎಂಜಿನ್ ನಮ್ಮಲ್ಲಿ ಖಾಲಿ ಬಿದ್ದೈತಿ. ಈ ವಾರದಾಗ ನಿಮ್ಮ ತ್ವಾಟಕ್ಕ ತಂದು ಕೂಡ್ರಸ್ತೀನಿ. ಅದಕ್ಕ ಬಾಡಿಗಿ ಬ್ಯಾಡ."

ಕೊಟ್ರಪ್ಪ, "ಹೂವು ಮಾತ್ರ ಕಳಿಸ್ತೀನಿ" ಎಂದು ಒಪ್ಪಿದರು. ಖಾಜಾ ಸಾಬರು ಅಂಗಿಯ ತೋಳು ಮಡಚಿ, ಬೋಲ್ಟುಗಳನ್ನು ತಾವೇ ಬಿಚ್ಚಿದರು.

ಬಾಡಿಗೆ ಟೆಂಪೊದಲ್ಲಿ, ಗೋಣಿಚೀಲದ ಮೆತ್ತೆಯ ಮೇಲೆ ಎಂಜಿನ್ ಮಲಗಿಸಿಕೊಂಡು ಹರಪನಹಳ್ಳಿಗೆ ಹೊರಟೆವು. ಅಲ್ಲಿ ಖಾಜಾ ಸಾಬರ ಅಳಿಯನ ಲೇತ್ ಅಂಗಡಿ ಇತ್ತು. ಅಳಿಯ ಎಂಜಿನ್ ಬಿಚ್ಚಿ ಸಿಲಿಂಡರಿನೊಳಗೆ ಬೆರಳಾಡಿಸಿ, "ಸವದೈತಿ, ಆದ್ರ ಬಿರುಕು ಬಿಟ್ಟಿಲ್ಲ. ಆಕ್ಕತಿ ಬಿಡ್ರಿ, ಮಾಡಬೌದು" ಎಂದ. ಖಾಜಾ ಸಾಬರು ಅಲ್ಲೇ ಒಂದು ಸ್ಟೂಲು ಎಳೆದುಕೊಂಡು ಕೂತರು. ಕೆಲಸ ಮುಗಿಯುವ ತನಕ ಕೊಟ್ಟೂರಿಗೆ ಹೋಗುವುದಿಲ್ಲ ಎಂದು ಮಗಳ ಮನೆಗೆ ಹೇಳಿ ಕಳಿಸಿದರು.

ಶಿವಲೀಲಾ ಎದುರಿನ ಎಸ್‌ಟಿಡಿ ಬೂತಿಗೆ ಹೋಗಿ ಬೆಂಗಳೂರಿಗೆ ಫೋನ್ ಮಾಡಿದರು. ಹೊರಗೆ ಬಂದಾಗ ಅವರ ಮುಖ ಹಗುರವಾಗಿತ್ತು.

"ಏನಂದ್ರು?" ಎಂದೆ.

"ಎಂಜಿನ್ ಸಿಕ್ಕೈತಿ ಅಂದಕೂಡ್ಲೆ ದನಿ ಬದಲಾತ್ರಿ. ನಾಳೆನ ಬರ್ತೀನಿ, ನೀವು ಹೇಳಿದ್ದೇ ರೇಟು ಅಂದ್ರು. ನಾ ಈಗ ಬ್ಯಾಡ ಅಂದೆ."

"ಮಾರೂದಿಲ್ಲೇನ್ರಿ?"

"ಮಾರಬೌದು, ಮಾರದೇನೂ ಇರಬೌದು. ಮೊದ್ಲು ಅದು ಓಡಲಿ. ಹಡಗಲಿ ತನಕ ಒಂದ್ಸಲ ನಾನೇ ಓಡಿಸಿಕೊಂಡು ಹೋಗಬೇಕು. ಇಷ್ಟು ವರ್ಷ ಎಂಜಿನ್ ಕಾಪಾಡ್ಯಾರ, ಆದ್ರ ಕೊಟ್ರಪ್ಪಾರು ಆ ಕಾರನ್ನ ಒಂದಿನಾನೂ ಕಂಡಿಲ್ಲಂತ್ರಿ. ಮುಂದಿನ ಸೀಟಿನ್ಯಾಗ ಅವರನ್ನ ಕೂಡ್ರಿಸಿಕೊಂಡು ಒಂದು ಸುತ್ತು ಹಾಕಬೇಕು."

ಹೊಸಪೇಟೆಯ ಬಸ್ಸು ಬಂತು. ಹತ್ತಿ ಕಿಟಕಿಯಿಂದ ತಿರುಗಿ ನೋಡಿದೆ. ಲೇತ್ ಅಂಗಡಿಯ ಮುಂದೆ ಶಿವಲೀಲಾ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕುಕ್ಕರುಗಾಲಲ್ಲಿ ಕೂತಿದ್ದರು. ಖಾಜಾ ಸಾಬರು ಹೇಳಿಕೊಡುತ್ತಿದ್ದ ಹಾಗೆ, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ತಂದೆಯ ಕಾರಿನ ಒಂದೊಂದೇ ಬಿಡಿಭಾಗ ಒರೆಸಿ ಪೇಪರಿನ ಮೇಲೆ ಸಾಲಾಗಿ ಇಡುತ್ತಿದ್ದರು.