ಮಾತಾಡಿಸಿ ಓಡಿಸಿದ ಅಜ್ಜಿ

ದೇವರಾಯಸಮುದ್ರದ ಕೆರೆ ಏರಿಯ ಮೇಲೆ ಮಂಡಿ ಹಿಡಿದು ಏದುಸಿರು ಬಿಡುತ್ತಾ ನಿಂತಿದ್ದೆ. ಓಡಲು ಶುರು ಮಾಡಿದ ನಾಲ್ಕನೇ ದಿನವದು. ನಾಲ್ಕೂ ದಿನ ಅದೇ ಹುಣಸೆ ಮರದ ಹತ್ತಿರ ಸೋತು ನಿಂತಿದ್ದೆ. ತಲೆಯ ಮೇಲೆ ರೇಷ್ಮೆ ಸೊಪ್ಪಿನ ಹೊರೆ ಹೊತ್ತ ಅಜ್ಜಿಯೊಬ್ಬರು ಹಿಂದಿನಿಂದ ಬಂದು, ಯಾರ ಮನೆಯವಳು ಎಂದು ಕೇಳಿದರು. ನಲವತ್ಮೂರು ವರ್ಷದ ನನಗೆ ಉತ್ತರ ಹೇಳಲೂ ಉಸಿರಿರಲಿಲ್ಲ.

“ಮಾತಾಡಕ್ಕೂ ಉಸಿರಿಲ್ದಂಗೆ ಯಾಕಮ್ಮ ಓಡ್ತೀಯ? ನನ್ ಜೊತೆ ಮಾತಾಡ್ಕೊಂಡು ಮೆಲ್ಲಗೆ ಓಡು, ನೋಡಾಣ” ಎಂದರು.

ಅವರದು ಬಿರುಸು ನಡಿಗೆ, ಪಕ್ಕದಲ್ಲೇ ನನ್ನದು ಆಮೆ ಓಟ. ಗಂಡನ ಕೆಲಸದಿಂದ ಹಿಡಿದು ಹಿಂದಿನ ದಿನ ಮಾಡಿದ ಸಾರಿನವರೆಗೆ ಒಂದನ್ನೂ ಬಿಡದೆ ವಿಚಾರಿಸಿದರು. ಸಾರಿಗೆ ಹಾಕಿದ್ದನ್ನೆಲ್ಲ ಹೇಳಿ ಮುಗಿಸಿ ತಲೆ ಎತ್ತಿದರೆ ಎದುರಿಗೆ ಕೋಡಿ. ಇಡೀ ಏರಿ ಮುಗಿದಿತ್ತು. ನಾನು ಎಲ್ಲೂ ನಿಂತಿರಲಿಲ್ಲ. ಖುಷಿಗೆ ಅಜ್ಜಿಯ ಕೈ ಹಿಡಿದು ಕುಣಿದೆ. “ನನ್ ಹೊರೆ ಬೀಳಿಸ್ಬೇಡ” ಎಂದು ಗದರಿದರು.

ಈಗ ಒಬ್ಬಳೇ ಓಡುವಾಗಲೂ ಬಾಯಿ ಮುಚ್ಚುವುದಿಲ್ಲ. ನೋಡಿದವರು ಏನಾದರೂ ಅಂದುಕೊಳ್ಳಲಿ. ನಿನ್ನೆ ಕೋಡಿ ಮುಟ್ಟಿ ವಾಪಸ್ಸೂ ಓಡಿಬಂದೆ. ಅಜ್ಜಿ ಏರಿಯ ಕೆಳಗೆ ಸೊಪ್ಪು ಕೊಯ್ಯುತ್ತಿದ್ದರು. ಓಡುತ್ತಲೇ ಕೂಗಿದೆ: “ಅಜ್ಜೀ, ಇವತ್ತು ನಿಮ್ಮನೇಲಿ ಏನ್ ಸಾರು?”