ಕಟ್ ಮಾಡಿದ ಹೆಸರು

ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡ್ ಹಿಂದಿನ ಪ್ರೆಸ್ಸಿನಲ್ಲಿ ನಾನು ಪ್ರೂಫ್ ನೋಡುತ್ತಿದ್ದಾಗ, ಪಕ್ಕದ ಮೇಜಿನಲ್ಲಿ ಒಬ್ಬ ಡಿಟಿಪಿ ಆಪರೇಟರ್ ಕೂರುತ್ತಿದ್ದ. ಮದುವೆ, ತಿಥಿ ಕಾರ್ಡುಗಳೇ ಅವನ ಕೆಲಸ. ಕಟ್ ಮಾಡಿದ್ದು, ಕಾಪಿ ಮಾಡಿದ್ದು ಎಲ್ಲವನ್ನೂ ಸಾಲಾಗಿ ಹಿಡಿದಿಡುವ ಸಾಫ್ಟ್‌ವೇರೊಂದನ್ನು ಕಂಪ್ಯೂಟರಿಗೆ ಹಾಕಿಕೊಂಡಿದ್ದ. ಬರೆಸಿದ್ದು ಅಳಿಸಿಹೋಯಿತೆಂದು ಗಿರಾಕಿ ಗಾಬರಿಯಾದರೆ ಮಾನಿಟರಿನ ನೆತ್ತಿ ತಟ್ಟಿ, "ಎಲ್ಲೂ ಓಗಕಿಲ್ಲ ಸಾ, ಒಳಗೇ ಐತೆ" ಅನ್ನುತ್ತಿದ್ದ.

ಒಮ್ಮೆ ಬಾಗೂರಿನ ಅಣ್ಣತಮ್ಮಂದಿರು ತಾಯಿಯ ತಿಥಿ ಕಾರ್ಡಿನ ಪ್ರೂಫ್ ನೋಡಲು ಬಂದರು. 'ದುಃಖತಪ್ತರು' ಎಂಬುದರ ಕೆಳಗೆ ಅವರಪ್ಪ ಬರೆಸಿದ್ದ ಅವರ ತಂಗಿಯ ಹೆಸರಿತ್ತು.

"ಬ್ಯಾರೆ ಜಾತಿಯೋನ ಕಟ್ಕೊಂಡು ಓಗವ್ಳೆ ಅವ್ಳು. ತಗುದಾಕು ಅದ್ನ" ಎಂದ ದೊಡ್ಡವನು.

ಆಪರೇಟರ್ ಹೆಸರನ್ನು ಕಟ್ ಮಾಡಿದ.

ಕೆಲವು ದಿನಗಳ ಮೇಲೆ ಆ ತಂಗಿಯೇ ಹೊಳೆನರಸೀಪುರದಿಂದ ಬಂದಳು. ಅವ್ವ ಸತ್ತದ್ದನ್ನೂ ಕಾರ್ಡು ಇಲ್ಲಿ ಅಚ್ಚಾದದ್ದನ್ನೂ ಬಸ್ಸಿನಲ್ಲಿ ಯಾರೋ ಹೇಳಿದ್ದರಂತೆ.

"ನಂಗೂ ಒಂದ್ ಕಾರ್ಡ್ ಕೊಡಿ" ಎಂದಳು.

ಇವನು ಸಾಫ್ಟ್‌ವೇರ್ ಹಿಡಿದಿಟ್ಟಿದ್ದ ಸಾಲನ್ನು ಕೆದಕಿ ಹೆಸರು ಹುಡುಕಿದ, ಅದರ ಜಾಗಕ್ಕೇ ಮತ್ತೆ ಕೂರಿಸಿ ಒಂದೇ ಒಂದು ಪ್ರತಿ ತೆಗೆದುಕೊಟ್ಟ.

"ಎಲ್ಲೂ ಓಗಿರ್ಲಿಲ್ಲ ಕಣಕ್ಕ, ಒಳಗೇ ಇತ್ತು."

ಅವಳು ಹೆಸರಿನ ಮೇಲೆ ಬೆರಳಾಡಿಸಿದಳು. ಆಮೇಲೆ ತಾರೀಖು ಓದಿದಳು.

"ತಿಥಿ ನೆನ್ನೆನೇ ಮುಗುದೋಯ್ತಾ?"

ಮಾನಿಟರಿನ ನೆತ್ತಿಗೆ ಹೋಗಿದ್ದ ಅವನ ಕೈ ಅಲ್ಲೇ ನಿಂತಿತು.