ತನ್ನದೇ ಸಾಲುಗಳನ್ನು ಕದ್ದವಳು

ಪಲ್ಲವಿ ಎಂಬಿಎಗೆ ಸೇರಿದಾಗ ಅವಳಿಗೆ ಮೂವತ್ತಾರು ತುಂಬಿತ್ತು. ತರಗತಿಯ ಉಳಿದವರೆಲ್ಲ ಇಪ್ಪತ್ತೆರಡು, ಇಪ್ಪತ್ಮೂರರವರು. ಮೊದಲ ದಿನವೇ ಅವಳು ಬಸವನ ಬಾಗೇವಾಡಿಯ ನಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಬಂದಳು. ಕೇಳಿದ್ದು ಪುಸ್ತಕವನ್ನಲ್ಲ, ಕೋರ್ಸಿನ ನಿಯಮಾವಳಿಯನ್ನು. ಮೂವತ್ತೆರಡು ಪುಟದ ಆ ಹೊತ್ತಿಗೆಯನ್ನು ಒಂಬತ್ತು ವರ್ಷದಲ್ಲಿ ನನ್ನ ಹತ್ತಿರ ಕೇಳಿದ ವಿದ್ಯಾರ್ಥಿ ಅವಳೊಬ್ಬಳೇ. ನಾನು ಸುನೀತಾ, ಅಲ್ಲಿಯ ಗ್ರಂಥಪಾಲಕಿ. ಕಾಯಂ ಅಲ್ಲ, ಗುತ್ತಿಗೆ. ಪ್ರತಿ ಜೂನ್‌ನಲ್ಲಿ ನಿರ್ದೇಶಕರು ಸಹಿ ಮಾಡಿದರೆ ಮತ್ತೊಂದು ವರ್ಷ ಇರುತ್ತೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಡೆದದ್ದರಲ್ಲಿ ನನ್ನ ಪಾಲೂ ಇದೆ.

ಅವಳ ಊರು ಝಳಕಿ. ತಂದೆ ಭೀಮಶ್ಯಾ ಹೆದ್ದಾರಿಯ ಪಕ್ಕದಲ್ಲಿ ಲಾರಿಗಳಿಗೆ ಪಂಕ್ಚರ್ ಹಾಕುತ್ತಿದ್ದ. ಇಂಡಿಯಲ್ಲಿ ಬಿಕಾಂ ಮುಗಿಸಿ ಮೊದಲ ದರ್ಜೆಯಲ್ಲಿ ಪಾಸಾದ ವರ್ಷವೇ ಅವಳಿಗೆ ಎಂಬಿಎ ಸೀಟು ಸಿಕ್ಕಿತ್ತು. ಪ್ರವೇಶಕ್ಕೆ ಇನ್ನು ನಾಲ್ಕು ದಿನ ಇದ್ದಾಗ, ಬಿಚ್ಚಿದ ಗಾಲಿಯ ಪಕ್ಕ ಕೂತಿದ್ದ ಭೀಮಶ್ಯಾನ ಮೇಲೆ ಹಿಂದಿನಿಂದ ಬಂದ ಟ್ರಕ್ಕು ಹರಿಯಿತು. ಸೀಟು ಬೇರೆಯವರಿಗೆ ಹೋಯಿತು. ಪಲ್ಲವಿ ತಾಯಿ ದುರ್ಗವ್ವನನ್ನು ಕರೆದುಕೊಂಡು ಸಿಂದಗಿಗೆ ಬಂದು, ಬಸ್ ನಿಲ್ದಾಣದ ಎದುರಿಗಿದ್ದ ಮಹಮ್ಮದಹನೀಫರ ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ನಿಂತಳು.

ಸುತ್ತಲಿನ ಕಾಲೇಜುಗಳ ಹುಡುಗರು ಆ ಅಂಗಡಿಗೆ ತಮ್ಮ ಪ್ರಾಜೆಕ್ಟ್ ವರದಿಗಳನ್ನು ತರುತ್ತಿದ್ದರು. ಮೊದಮೊದಲು ಅವಳು ಅವನ್ನು ಬರೀ ಟೈಪು ಮಾಡಿದಳು. ಆಮೇಲೆ ತಿದ್ದಿದಳು. ಎರಡು ವರ್ಷ ಕಳೆಯುವಷ್ಟರಲ್ಲಿ ಹುಡುಗರು ಬರಿಗೈಯಲ್ಲಿ ಬಂದು ತಮ್ಮ ಹೆಸರು, ರೋಲ್ ನಂಬರು ಬರೆದುಕೊಟ್ಟು ಹೋಗತೊಡಗಿದರು. ವರದಿಯನ್ನು ಅವಳೇ ಬರೆಯುತ್ತಿದ್ದಳು. ಕೂತಲ್ಲೇ ಕಟ್ಟಿದ ವರದಿಗಳಲ್ಲ ಅವು. ಭಾನುವಾರ ಇಂಡಿಯ ನಿಂಬೆ ಮಾರುಕಟ್ಟೆಗೆ ಹೋಗಿ ಬೆಳೆಗಾರರನ್ನು ಕೂರಿಸಿಕೊಂಡು ಕೇಳಿಕೊಂಡು ಬರುತ್ತಿದ್ದಳು: ಹಣ್ಣನ್ನು ಯಾವ ಬಣ್ಣಕ್ಕೆ ಬಂದಾಗ ಕೀಳುತ್ತೀರಿ, ದೂರದ ಪೇಟೆಗೆ ಹೋಗುವಷ್ಟರಲ್ಲಿ ಎಷ್ಟು ಕೊಳೆಯುತ್ತದೆ, ದರವನ್ನು ನಿಮಗೆ ಯಾರು ಹೇಳುತ್ತಾರೆ. ಹದಿನಾಲ್ಕು ವರ್ಷದಲ್ಲಿ ನಲವತ್ಮೂರು ವರದಿ ಬರೆದಳು, ಎಲ್ಲವೂ ಬೇರೆಯವರ ಹೆಸರಿನಲ್ಲಿ. ಅದು ತಪ್ಪೆಂದು ಅವಳಿಗೆ ಗೊತ್ತಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಗೊತ್ತಿತ್ತು. ಆದರೆ ಬರೆಯುವ ಹೊತ್ತಿಗೆ ತಾನೇ ಆ ಕೋರ್ಸು ಓದುತ್ತಿದ್ದೇನೆ ಅನ್ನಿಸುತ್ತಿತ್ತು ಎಂದು ಒಮ್ಮೆ ನನ್ನೆದುರು ಹೇಳಿದ್ದಳು.

ಅವಳನ್ನು ಮತ್ತೆ ಓದಲು ಎಬ್ಬಿಸಿದವರು ಆ ಬೆಳೆಗಾರರೇ. ಇಂಡಿಯಲ್ಲಿ ಅವರು ಸೇರಿ ತಮ್ಮದೇ ಒಂದು ಕಂಪನಿ ಮಾಡಿಕೊಂಡರು. ವ್ಯವಸ್ಥಾಪಕಿಯಾಗಿ ಪಲ್ಲವಿಯೇ ಬರಲಿ ಎಂದು ಎಲ್ಲರೂ ಹೇಳಿದರು. ಆದರೆ ಕಂಪನಿಯ ಕಾಗದಪತ್ರದಲ್ಲಿ ಆ ಹುದ್ದೆಗೆ ಎಂಬಿಎ ಆಗಿರಬೇಕು ಎಂದಿತ್ತು. ನೀನು ಓದಿ ಮುಗಿಸು, ಅಲ್ಲಿಯವರೆಗೆ ನಾವೇ ನಡೆಸುತ್ತೇವೆ ಎಂದರು. ಹೀಗೆ ಅವಳು ದಿನವೂ ಬೆಳಿಗ್ಗೆ ಸಿಂದಗಿಯಿಂದ ಬಸ್ಸು ಹತ್ತಿ ಬಾಗೇವಾಡಿಗೆ ಬರುವುದು, ಮಧ್ಯಾಹ್ನ ತಿರುಗಿ ಹೋಗಿ ಅಂಗಡಿಯಲ್ಲಿ ಕೂರುವುದು ಶುರುವಾಯಿತು. ಕಾಲೇಜಿಗೆ ಸೇರಿದ ಮೇಲೆ ಅವಳು ಬೇರೆಯವರ ಒಂದು ವರದಿಯನ್ನೂ ಬರೆಯಲಿಲ್ಲ.

ನಿಯಮಗಳು ಸರಳವಾಗಿದ್ದವು. ಪ್ರತಿ ಸೆಮಿಸ್ಟರಿಗೆ ನೂರಕ್ಕೆ ಎಪ್ಪತ್ತೈದು ಹಾಜರಿ. ಎರಡು ವರ್ಷದ ಕೋರ್ಸನ್ನು ಪ್ರವೇಶದ ದಿನದಿಂದ ನಾಲ್ಕು ವರ್ಷದೊಳಗೆ ಮುಗಿಸಬೇಕು. ಮುಗಿಯದಿದ್ದರೆ ನೋಂದಣಿ ರದ್ದು. ಕೊನೆಗೊಂದು ಪ್ರಾಜೆಕ್ಟ್ ವರದಿ, ಅದು ಸ್ವಂತದ್ದಾಗಿರಬೇಕು.

ಮೂರನೆಯ ಸೆಮಿಸ್ಟರಿನಲ್ಲಿ ದುರ್ಗವ್ವನಿಗೆ ಪಾರ್ಶ್ವವಾಯು ಹೊಡೆದು ಬಲಗೈ ಬಲಗಾಲು ಬಿದ್ದುಹೋದವು. ಪಲ್ಲವಿಯ ಹಾಜರಿ ಎಪ್ಪತ್ಮೂರಕ್ಕೆ ಇಳಿಯಿತು. ವೈದ್ಯಕೀಯ ಕಾರಣವಿದ್ದರೆ ಹತ್ತರಷ್ಟು ರಿಯಾಯಿತಿ ಕೊಡಬಹುದು ಎಂಬ ನಿಯಮಕ್ಕೆ ಗೆರೆ ಎಳೆದುಕೊಂಡು, ಆಸ್ಪತ್ರೆಯ ಕಾಗದ ಹಿಡಿದು ನಿರ್ದೇಶಕ ಮಡಿವಾಳಪ್ಪನವರ ಮುಂದೆ ಹೋದಳು. ಅವರು ಕಾಗದವನ್ನು ಪೂರ್ತಿ ಓದಿದರು.

"ರೋಗ ನಿಮ್ಮವ್ವಗ ಐತಿ. ನಿನಗ ಏನಾಗೇತಿ?" ಎಂದರು. ಅವಳು ತಾಯಿಯನ್ನು ನೋಡಿಕೊಳ್ಳಲು ಬೇರೆ ಯಾರೂ ಇಲ್ಲ ಎಂದಳು. "ನೋಡವಾ, ನಿಮ್ಮವರಿಗೆ ಸೀಟು ಕೊಡೂದು ಸರಕಾರದ ಕೆಲಸ. ಕೊಟ್ಟೇತಿ. ಹಾಜರಿ ಕೊಡೂದು ನನ್ನ ಕೆಲಸಲ್ಲ."

ಅದೇ ವಾರ, ಹಾಜರಿ ಐವತ್ತೂ ದಾಟದಿದ್ದ ಇಬ್ಬರು ಹುಡುಗರದು ಪಟ್ಟಿಯಲ್ಲಿ ಎಪ್ಪತ್ತಾರಾಯಿತು. ಅವರ ತಂದೆಯರು ಆಡಳಿತ ಮಂಡಳಿಗೆ ಬೇಕಾದವರು. ಆ ಪಟ್ಟಿಯನ್ನು ಟೈಪು ಮಾಡಿದವಳು ನಾನೇ; ಗುತ್ತಿಗೆಯವಳೆಂದು ಕಚೇರಿಯ ಟೈಪಿಂಗ್, ಕಡತ, ರಿಜಿಸ್ಟರುಗಳ ಕೆಲಸವೂ ನನ್ನ ಪಾಲಿಗೇ ಬರುತ್ತಿತ್ತು. ಪಲ್ಲವಿ ಒಂದು ವರ್ಷ ಮನೆಯಲ್ಲಿ ಕೂತು, ಮುಂದಿನ ವರ್ಷ ಕಿರಿಯರ ಜೊತೆ ಅದೇ ಪಾಠ ಮತ್ತೆ ಕೇಳಿದಳು. ನಾಲ್ಕನೆಯ ಸೆಮಿಸ್ಟರಿನ ಪರೀಕ್ಷೆಯಲ್ಲಿ ಕಾಲೇಜಿಗೇ ಮೊದಲಿಗಳಾದಳು. ಫಲಿತಾಂಶ ಬರುವ ಒಂದು ತಿಂಗಳ ಮೊದಲು ದುರ್ಗವ್ವ ತೀರಿಕೊಂಡಿದ್ದಳು.

ಉಳಿದದ್ದು ಪ್ರಾಜೆಕ್ಟ್ ಒಂದೇ. ಮಾರ್ಗದರ್ಶಕರಾಗಿ ಬಂದವರು ಸಂಗಮೇಶ ಸರ್. ಮುದ್ದೇಬಿಹಾಳದ ಬಟ್ಟೆ ವ್ಯಾಪಾರಿಗಳ ಮಗ. ನಮ್ಮ ಕಾಲೇಜಿನಲ್ಲೇ ಓದಿ, ಅತ್ಯುತ್ತಮ ವರದಿಯ ಬಹುಮಾನ ಪಡೆದು, ಇಲ್ಲೇ ಅಧ್ಯಾಪಕರಾದವರು. ಇಂಡಿ ನಿಂಬೆಯ ಮಾರುಕಟ್ಟೆ ಕುರಿತ ಆ ವರದಿಯನ್ನು ಅವರಿಗೆ ಸಿಂದಗಿಯ ಅಂಗಡಿಯಲ್ಲಿ ಬರೆದುಕೊಟ್ಟವಳು ಪಲ್ಲವಿ. ನನಗೆ ಇದು ಆಗ ಗೊತ್ತಿರಲಿಲ್ಲ. ಅವರಿಬ್ಬರಿಗೂ ಗೊತ್ತಿತ್ತು; ಮೂರು ವರ್ಷ ಎದುರುಬದುರು ಓಡಾಡಿದರೂ ಇಬ್ಬರೂ ಅದರ ಮಾತೆತ್ತಿರಲಿಲ್ಲ. ಅವಳು ಅವರನ್ನು ಸರ್ ಎಂದೇ ಕರೆಯುತ್ತಿದ್ದಳು.

ಅವಳು ಮತ್ತೆ ನಿಂಬೆಯನ್ನೇ ಆರಿಸಿಕೊಂಡಳು. ನೂರಾ ಹನ್ನೆರಡು ಬೆಳೆಗಾರರನ್ನು ಹೊಸದಾಗಿ ಕಂಡು ಮಾತಾಡಿಸಿ, ಜನವರಿಯಲ್ಲಿ ಕರಡು ಕೊಟ್ಟಳು. ಅದು ಸಂಗಮೇಶ ಸರ್ ಮೇಜಿನ ಮೇಲೆ ಏಳು ತಿಂಗಳು ಬಿದ್ದಿತ್ತು. ಕೇಳಿದಾಗಲೆಲ್ಲ ನೋಡುತ್ತೇನೆ ಎನ್ನುತ್ತಿದ್ದರು. ಆಗಸ್ಟ್ ಕೊನೆಗೆ ಒಂದು ಅಕ್ಷರವನ್ನೂ ತಿದ್ದದೆ ಸಹಿ ಹಾಕಿ ನನ್ನ ಹತ್ತಿರ ಕಳಿಸಿದರು. ನಕಲು ಪರೀಕ್ಷಿಸುವ ತಂತ್ರಾಂಶ ಇರುವುದು ಗ್ರಂಥಾಲಯದಲ್ಲಿ. ಕಾಲೇಜಿಗೆ ಮಾನ್ಯತೆಯ ತಂಡ ಬರುತ್ತದೆಂದು ಹಳೆಯ ವರದಿಗಳನ್ನೆಲ್ಲ ಆ ಬೇಸಿಗೆಯಲ್ಲಿ ನಾನು ಸ್ಕ್ಯಾನ್ ಮಾಡಿ ಅದಕ್ಕೆ ಸೇರಿಸಿದ್ದೆ.

ಹೋಲಿಕೆ ನೂರಕ್ಕೆ ಹದಿನೈದು ದಾಟಬಾರದು. ಪಲ್ಲವಿಯದು ನಲವತ್ತೊಂದು ಬಂತು. ಪರದೆಯ ಮೇಲೆ ಪುಟಗಟ್ಟಲೆ ಕೆಂಪಾಯಿತು. ಹೆಚ್ಚಿನದೆಲ್ಲ ಸಂಗಮೇಶ ಸರ್ ಅವರ ಹಳೆಯ ವರದಿಗೆ ಹೊಂದುತ್ತಿತ್ತು. ಹಣ್ಣು ಕೀಳುವ ಕಾಲದ ವಿವರಣೆ, ಬೆಳೆಗಾರರಿಗೆ ಕೇಳಿದ ಮೂವತ್ತೆಂಟು ಪ್ರಶ್ನೆ, ಪೀಠಿಕೆ. ಅವಳು ತನ್ನ ಹಳೆಯ ಪೆನ್‌ಡ್ರೈವಿನಿಂದ ತನ್ನವೇ ಸಾಲುಗಳನ್ನು ಎತ್ತಿಕೊಂಡಿದ್ದಳು. ಮುಚ್ಚಿಡುವ ಯೋಚನೆಯೇ ಅವಳಿಗೆ ಬಂದಿರಲಿಲ್ಲ. ತನ್ನ ಮಾತನ್ನು ತಾನು ಮತ್ತೊಮ್ಮೆ ಹೇಳಿದರೆ ಕಳ್ಳತನ ಹೇಗಾದೀತು ಎಂದುಕೊಂಡಿದ್ದಳು. ನಿಯಮಾವಳಿಯನ್ನು ಅಷ್ಟು ಓದಿದವಳು ಇದೊಂದನ್ನು ಯಾಕೆ ಮರೆತಳೋ ನನಗೆ ಇವತ್ತಿಗೂ ತಿಳಿಯದು. ಬಹುಶಃ ಅಹಂಕಾರ. ಅವು ಒಳ್ಳೆಯ ಸಾಲುಗಳು.

ಸೆಪ್ಟೆಂಬರ್ ನಾಲ್ಕಕ್ಕೆ ವಿಚಾರಣೆ ಎಂದು ಪತ್ರ ಹೋಯಿತು. ಅದರ ಹಿಂದಿನ ದಿನ ಸಂಗಮೇಶ ಸರ್ ನನ್ನ ಹತ್ತಿರ ಬಂದು ಪ್ರವೇಶದ ರಿಜಿಸ್ಟರ್ ಕೇಳಿದರು. ಪಲ್ಲವಿಯ ಹೆಸರಿನ ಮುಂದಿನ ದಿನಾಂಕವನ್ನು ಬೆರಳಿಟ್ಟು ನೋಡಿದರು. ಅವಳ ನಾಲ್ಕು ವರ್ಷ ನವೆಂಬರ್ ಇಪ್ಪತ್ಮೂರಕ್ಕೆ ಮುಗಿಯುತ್ತಿತ್ತು. ರಿಜಿಸ್ಟರ್ ವಾಪಸು ಕೊಟ್ಟು ಹೋದರು.

ಮರುದಿನ ಬೆಳಿಗ್ಗೆ ಪುಸ್ತಕದ ಕಪಾಟುಗಳ ನಡುವೆ ಅವರಿಬ್ಬರೂ ನಿಂತು ಮಾತಾಡಿದರು. ನಾನು ಈಚೆ ಬದಿಯಲ್ಲಿದ್ದೆ.

"ಅಕ್ಕಾರ, ನೀವು ನಂದು ಬರದ ಕೊಟ್ಟೇನಿ ಅಂತ ಹೇಳಿದ್ರ ನನ್ನ ನೌಕರಿ ಅಷ್ಟಽ ಹೋಗೂದಿಲ್ಲ. ಇನ್ನೊಬ್ಬರಿಗೆ ಬರದು ಕೊಟ್ಟವರನ್ನ ಕಾಯಂ ಹೊರಗ ಹಾಕ್ತಾರ. ನಿಯಮ ನೀವಽ ಓದೀರಲ್ಲ" ಎಂದರು ಸಂಗಮೇಶ ಸರ್. ಎಷ್ಟೋ ವರ್ಷದ ಮೇಲೆ ಅವಳನ್ನು ಅಕ್ಕ ಎಂದಿದ್ದರು. ನೋಡಿ ಬರೆದದ್ದು ನಿಜ ಎಂದು ಬರೆದುಕೊಟ್ಟುಬಿಡಿ, ಮೊದಲ ತಪ್ಪಿಗೆ ಹೊಸ ವರದಿ ಕೊಡಲು ಅವಕಾಶವಿದೆ, ಅದನ್ನು ಕೊಡಿಸುವುದು ನನ್ನ ಜವಾಬ್ದಾರಿ ಎಂದರು.

ಅವಳು ಕೇಳಿದ್ದು ಒಂದೇ ಪ್ರಶ್ನೆ. "ನನ್ನ ನಾಲ್ಕು ವರ್ಷ ಮುಗಿಯಾಕ ಬಂದೇತ್ರಿ ಸರ್. ಅಷ್ಟರಾಗ ಆಗತೈತೇನ್ರಿ?"

"ಕೊರೋನಾ ಹೊತ್ತಿನ ಬ್ಯಾಚಿಗೆ ಒಂದು ವರ್ಷ ಹೆಚ್ಚಿಗಿ ಕೊಟ್ಟಾರ. ಸುತ್ತೋಲೆ ಬಂದೇತಿ."

ಸುತ್ತೋಲೆ ಬಂದದ್ದು ನಿಜ. ಅದು ಅವಳಿಗಿಂತ ಹಿಂದಿನ ವರ್ಷ ಸೇರಿದವರವರೆಗೆ ಮಾತ್ರ. ಅದರ ಪ್ರತಿ ನನ್ನ ಕಡತದಲ್ಲೇ ಇತ್ತು, ನಾನು ನಿಂತಲ್ಲಿಂದ ಕೈ ಚಾಚಿದರೆ ಸಿಗುವಷ್ಟು ಹತ್ತಿರ. ನಾನು ಚಾಚಲಿಲ್ಲ. ಸಂಗಮೇಶ ಸರ್ ಅಂದರೆ ನಿರ್ದೇಶಕರಿಗೆ ಬಲಗೈ.

ವಿಚಾರಣೆ ಇಪ್ಪತ್ತು ನಿಮಿಷವೂ ನಡೆಯಲಿಲ್ಲ; ನಡಾವಳಿ ಬರೆದುಕೊಳ್ಳಲು ನಾನೂ ಕೂತಿದ್ದೆ. ಕೆಂಪು ಪುಟಗಳನ್ನು ಮಡಿವಾಳಪ್ಪನವರು ಒಂದೊಂದಾಗಿ ಮಗುಚಿ, ಗುರುಗಳ ವರದಿಯನ್ನೇ ಕದಿಯುವಷ್ಟು ಧೈರ್ಯ ಎಲ್ಲಿಂದ ಬಂತು ಎಂದು ಕೇಳಿದರು. ಪಲ್ಲವಿ ಸಂಗಮೇಶ ಸರ್ ಕಡೆ ನೋಡಿದಳು. ಅವರು ಕಿಟಕಿಯ ಕಡೆ ನೋಡುತ್ತಿದ್ದರು.

"ತಪ್ಪಾಗೇತ್ರಿ. ಸರ್ ರಿಪೋರ್ಟ್ ನೋಡಿ ಬರದೇನ್ರಿ" ಎಂದಳು.

ಅದನ್ನೇ ಕಾಗದದ ಮೇಲೆ ಬರೆಸಿಕೊಂಡರು. ಇಷ್ಟು ವಯಸ್ಸಾದ ಮೇಲೆ ನಾಚಿಕೆಯಾಗಬೇಕು ಎಂದು ಮಡಿವಾಳಪ್ಪನವರು ಹೇಳಿದಾಗ ಆಗೇತ್ರಿ ಎಂದಳು. ಸಂಗಮೇಶ ಸರ್ ಮಾತಿನಂತೆ ನಡೆದುಕೊಂಡರು: ಬಡವರ ಮನೆಯವಳು, ಒಂದು ಅವಕಾಶ ಕೊಡೋಣ ಎಂದು ತಾವೇ ಕೇಳಿಕೊಂಡರು. ನಿಯಮದಂತೆ ಹೊಸ ವರದಿಯನ್ನು ಮೂರು ತಿಂಗಳು ಕಳೆಯುವ ಮೊದಲು ತೆಗೆದುಕೊಳ್ಳುವಂತಿಲ್ಲ. ಡಿಸೆಂಬರ್ ನಾಲ್ಕಕ್ಕೆ ತರಲಿ ಎಂದು ಆದೇಶವಾಯಿತು. ನನ್ನ ಮುಂದೆ ರಿಜಿಸ್ಟರ್ ತೆರೆದೇ ಇತ್ತು. ಅವಳ ಗಡುವು ಮುಗಿದು ಹನ್ನೊಂದು ದಿನವಾದ ಮೇಲೆ ಬರುವ ತಾರೀಖು ಅದು. ಹೊರಗೆ ಬಂದ ಮೇಲೆ ಅವಳು ಸಂಗಮೇಶ ಸರ್‌ಗೆ ಕೈ ಮುಗಿದಳು.

ಅವಳು ಹೊಸ ವರದಿಯನ್ನು ನಲವತ್ತೇ ದಿನದಲ್ಲಿ ಮುಗಿಸಿಟ್ಟುಕೊಂಡು ಕಾದಳು. ಹಳೆಯದರ ಒಂದು ಸಾಲೂ ಅದರಲ್ಲಿರಲಿಲ್ಲ. ಡಿಸೆಂಬರ್ ನಾಲ್ಕರಂದು ಬೆಳಿಗ್ಗೆ ಬೈಂಡ್ ಮಾಡಿಸಿದ ಮೂರು ಪ್ರತಿ ತಂದು ಕಚೇರಿಯಲ್ಲಿ ಕೊಟ್ಟಾಗ, ಗುಮಾಸ್ತ ಕಂಪ್ಯೂಟರಿನಲ್ಲಿ ಅವಳ ನಂಬರು ಹೊಡೆದು ನೋಡಿ, ನಿಮ್ಮ ನೋಂದಣಿ ರದ್ದಾಗಿದೆ ಎಂದ. ಅವಳು ಸುತ್ತೋಲೆಯ ಮಾತು ಹೇಳಿದಳು. ಅವನು ಸುತ್ತೋಲೆಯನ್ನೇ ತೆಗೆದು ಅವಳ ಕೈಗಿತ್ತ. ಅವಳು ನಿಂತಲ್ಲೇ ಎರಡು ಸಲ ಓದಿದಳು.

ಆಗ ಅವಳು ನೇರ ಮಡಿವಾಳಪ್ಪನವರ ಕೊಠಡಿಗೆ ಹೋಗಿ ಎಲ್ಲವನ್ನೂ ಹೇಳಿದಳು: ಅಂಗಡಿ, ನಲವತ್ಮೂರು ವರದಿ, ಸಂಗಮೇಶ ಸರ್ ಅವರದು. ಕಡತಕ್ಕೆಂದು ನನ್ನನ್ನೂ ಕರೆಸಿದ್ದರು. ನಿರ್ದೇಶಕರು ಸೆಪ್ಟೆಂಬರಿನ ಅವಳ ಕಾಗದವನ್ನು ಮೇಜಿನ ಮೇಲಿಟ್ಟರು.

"ಇದರಾಗ ನೋಡಿ ಬರದೇನಿ ಅಂದಿ. ಈಗ ನಾನಽ ಬರದೇನಿ ಅಂತಿ. ಯಾವದು ಸುಳ್ಳವಾ?"

ಅವಳು ಮಹಮ್ಮದಹನೀಫರನ್ನು ಕೇಳಿ ನೋಡಿ ಎಂದಳು. ಮಡಿವಾಳಪ್ಪನವರು ಅವಳೆದುರೇ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಇಟ್ಟರು. ನಮ್ಮಲ್ಲಿ ಬರೀ ಟೈಪಿಂಗ್ ಮಾಡತೇವ್ರಿ ಸಾಹೇಬ್ರ, ಬರಿಯೂದು ಗಿರಿಯೂದು ನಮಗ ಗೊತ್ತಿಲ್ರಿ, ಎಂದಿತು ಹನೀಫರ ಧ್ವನಿ. ಹದಿನೆಂಟು ವರ್ಷ ಅವಳನ್ನು ಮಗಳ ಹಾಗೆ ನೋಡಿದ ಮನುಷ್ಯ. ವಾರದೊಳಗೆ, ಕಾಲೇಜಿನವರು ಹೀಗೆ ವಿಚಾರಿಸುವುದು ನನ್ನ ವ್ಯಾಪಾರಕ್ಕೆ ಒಳ್ಳೆಯದಲ್ಲ ಎಂದು ಅವರೂ ಅವಳನ್ನು ಕೆಲಸ ಬಿಡಿಸಿದರು. ನಮ್ಮ ಕಾಲೇಜಿನ ಫಲಕದಲ್ಲಿ, ಅಧ್ಯಾಪಕರ ಮೇಲೆ ಸುಳ್ಳು ಆರೋಪ ಹೊರಿಸಿದ ವಿದ್ಯಾರ್ಥಿನಿಗೆ ಆವರಣ ಪ್ರವೇಶ ನಿಷೇಧಿಸಲಾಗಿದೆ ಎಂಬ ಸೂಚನೆ ಬಿತ್ತು. ಅದರಲ್ಲಿ ಅವಳ ಪೂರ್ತಿ ಹೆಸರು, ಅಪ್ಪನ ಹೆಸರು, ಊರು ಎಲ್ಲ ಇತ್ತು. ಸಂಗಮೇಶ ಸರ್ ವಿಭಾಗದ ಮುಖ್ಯಸ್ಥರಾದರು.

ಇಂಡಿಯ ಕಂಪನಿಯವರು ಇನ್ನು ಕಾಯುವಂತಿಲ್ಲ ಎಂದು ಹೊರಗಿನಿಂದ ಒಬ್ಬ ಎಂಬಿಎ ಆದವನನ್ನು ವ್ಯವಸ್ಥಾಪಕನಾಗಿ ತಂದರು. ಪಲ್ಲವಿಯ ಮೇಲಿನ ಪ್ರೀತಿಗೆ ಹಣ್ಣು ಆರಿಸುವ ಶೆಡ್ಡಿನಲ್ಲಿ ಅವಳಿಗೊಂದು ಕೆಲಸ ಕೊಟ್ಟರು. ಹೆಸರಿಗೆ ಮೇಲ್ವಿಚಾರಕಿ. ಉಳಿದ ಹೆಂಗಸರ ಜೊತೆ ಅವಳೂ ಕೂತು ಕೊಳೆತದ್ದು, ಕಾಯಿ, ಹಣ್ಣು ಎಂದು ಬೇರೆ ಮಾಡುತ್ತಾಳೆ.

ಫೆಬ್ರುವರಿಯಲ್ಲಿ ಒಂದು ಮಧ್ಯಾಹ್ನ ನಾನು ಅಲ್ಲಿಗೆ ಹೋದೆ. ಯಾಕೆ ಹೋದೆ ಎಂದರೆ, ಹೇಳಿ ಹಗುರಾಗಬೇಕಿತ್ತು. ಅಷ್ಟೇ. ಅವಳು ಕೂರಲು ಒಂದು ಖಾಲಿ ಕ್ರೇಟು ಮಗುಚಿ ಕೊಟ್ಟಳು. ಕೈಗೆ ಹುಳಿ ಹತ್ತಿ ಬೆರಳ ಸಂದಿಗಳು ಬಿರಿದಿದ್ದವು. ಆ ತಾರೀಖು, ಆ ಸುತ್ತೋಲೆ ಎರಡೂ ನನಗೆ ಅವತ್ತೇ ಗೊತ್ತಿದ್ದವು ಎಂದು ಹೇಳಿದೆ. ಅವಳು ಕೈ ನಿಲ್ಲಿಸದೆ ಕೇಳಿಸಿಕೊಂಡಳು.

"ನಾ ಅವತ್ತ ನಿಮ್ಮನ್ನ ಕೇಳಿದ್ರ ಹೇಳತಿದ್ರೇನ್ರಿ?" ಎಂದಳು.

ಹೇಳುತ್ತಿದ್ದೆ ಎನ್ನಲು ಬಾಯಿ ತೆರೆದೆ. ಮಾತು ಹೊರಡುವುದು ಸ್ವಲ್ಪ ತಡವಾಯಿತು. ಆ ಸ್ವಲ್ಪ ಹೊತ್ತನ್ನು ಅವಳು ನೋಡಿದಳು.

"ಹೋಗ್ರಿ, ಬಾಗೇವಾಡಿ ಬಸ್ ಈಗ ಐತಿ. ಅದು ಹೋದ್ರ ಮತ್ತ ಸಂಜಿಗೇ" ಎಂದಳು. ಅಷ್ಟರಲ್ಲಿ ಆಚೆ ಕೊಠಡಿಯಿಂದ ಹೊಸ ವ್ಯವಸ್ಥಾಪಕ ಅವಳನ್ನು ಹೆಸರು ಹಿಡಿದು ಕೂಗಿದ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಎದ್ದು ಹೋದಳು. ಪಕ್ಕದ ಹೆಂಗಸು ಅವಳ ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡು ಕೆಲಸ ಮುಂದುವರಿಸಿದಳು. ನಾನು ಕ್ರೇಟನ್ನು ಇದ್ದ ಜಾಗದಲ್ಲಿಟ್ಟು ಬಂದೆ.